ಟೆಂಪರೇಚರ್ ಕಂಟ್ರೋಲರ್ ಸೆಟ್ಟಿಂಗ್ ಮತ್ತು ಕ್ಯಾಲಿಬ್ರೇಶನ್: ಒಂದು ಪೌಡರ್ ಕೋಟಿಂಗ್ ಓವನ್ ಮುಂದೆ ನಿಂತು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಪೀಣ್ಯದ ಒಂದು ಶೆಡ್‌ನಲ್ಲಿ ಹೊಸ ಟೆಂಪರೇಚರ್ ಕಂಟ್ರೋಲರ್, ಅಂದರೆ ತಾಪ ಓದಿ ಹೀಟರ್ ಆನ್-ಆಫ್ ಮಾಡಿಸುವ ಸಾಧನ, ಕೂರಿಸಿದ್ದೆ. ಹೊರಡುವಾಗ ಮಾಲೀಕರು ಕ್ಯಾಲಿಬ್ರೇಶನ್ (ತೋರಿಸುವ ಅಂಕಿ ನಿಜವೇ ಅಂತ ಹೋಲಿಸಿ ತಿದ್ದುವುದು) ಕೂಡ ಮಾಡಿಕೊಟ್ಟುಬಿಡಿ ಅಂದರು. ಟೀ ಕಾಯಿಸುವ ಸ್ಟವ್ ಮೇಲೆ ನೀರಿಟ್ಟು, ಕೊತಕೊತ ಕುದಿಯುವಾಗ ಸೆನ್ಸರ್ ಅದ್ದಿದೆ. ಡಿಸ್‌ಪ್ಲೇ 97 ತೋರಿಸಿತು. ನೀರು ಕುದಿಯೋದು 100ಕ್ಕೆ ಅಲ್ವಾ, ಮೂರು ಡಿಗ್ರಿ ಕಡಿಮೆ ತೋರಿಸ್ತಿದೆ ಅಂದುಕೊಂಡು +3 ತಿದ್ದುಪಡಿ ಹಾಕಿ ಬಂದೆ.

ಆರು ತಿಂಗಳಾದ ಮೇಲೆ ಸರ್ಟಿಫಿಕೇಟ್ ಇರುವ ಥರ್ಮಾಮೀಟರ್ ಹಿಡಿದು ಲ್ಯಾಬ್‌ನವರು ಬಂದರು. ಕಂಟ್ರೋಲರ್ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಸರಿಯಾಗಿದ್ದದ್ದನ್ನು ನಾನೇ ಕೆಡಿಸಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಕುದಿಯೋದೇ ಹೆಚ್ಚುಕಡಿಮೆ 97ಕ್ಕೆ. ಮಂಗಳೂರಿನಲ್ಲಿ 100, ಮಡಿಕೇರಿಯಲ್ಲಿ ಸುಮಾರು 96. ಪ್ರತಿ 300 ಮೀಟರ್ ಏರಿದಂತೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ ಹಿಡಿದರೆ ನಮ್ಮ ಕೆಲಸಕ್ಕೆ ಸಾಕು.

ಆವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಸೆನ್ಸರ್ ಮತ್ತು ವೈರಿಂಗ್, ಆಮೇಲೆ ಪ್ಯಾರಾಮೀಟರ್ (ಕಂಟ್ರೋಲರ್ ಒಳಗಿನ ಸೆಟ್ಟಿಂಗ್‌ಗಳು), ಆಮೇಲೆ ಕ್ಯಾಲಿಬ್ರೇಶನ್, ಎಲ್ಲಕ್ಕಿಂತ ಕೊನೆಗೆ ಆಟೋ ಟ್ಯೂನ್, ಅಂದರೆ ಉರಿ ಏರಿಳಿಸುವ ಲೆಕ್ಕವನ್ನು ಕಂಟ್ರೋಲರ್ ತಾನೇ ಹುಡುಕಿಕೊಳ್ಳುವುದು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಪೆಟ್ಟಿಗೆಯಿಂದ ತೆಗೆದ ತಕ್ಷಣ ಆಟೋ ಟ್ಯೂನ್ ಒತ್ತಿ, ಆಮೇಲೆ ಸೆನ್ಸರ್ ಎಲ್ಲಿದೆ ಅಂತ ಹುಡುಕುತ್ತಾರೆ.

ಉದಾಹರಣೆಗೆ ಒಂದು ಸಣ್ಣ ಪೌಡರ್ ಕೋಟಿಂಗ್ ಓವನ್, ಅಂದರೆ ಲೋಹದ ಮೇಲೆ ಹಚ್ಚಿದ ಬಣ್ಣದ ಪುಡಿಯನ್ನು ಬೇಯಿಸುವ ಓವನ್, ತೆಗೆದುಕೊಳ್ಳೋಣ. 9 ಕಿಲೋವ್ಯಾಟ್, ಅಂದರೆ 3 ಕಿಲೋವ್ಯಾಟ್‌ನ ಮೂರು ಹೀಟರ್, ಒಂದೊಂದು ಫೇಸ್‌ಗೆ ಒಂದೊಂದು. ಒಳಗೆ ಗಾಳಿ ತಿರುಗಿಸುವ ಬ್ಲೋವರ್. ತಾಪ ಅಳೆಯಲು ಕೆ ಟೈಪ್ ಥರ್ಮೋಕಪಲ್, ಪ್ಯಾನೆಲ್ ಬಾಗಿಲಲ್ಲಿ ಪಿಐಡಿ ಕಂಟ್ರೋಲರ್ (ಎಷ್ಟು ಹೀಟ್ ಬೇಕು ಅಂತ ಲೆಕ್ಕ ಹಾಕುವಂಥದ್ದು), ಹೀಟರ್ ಆನ್-ಆಫ್ ಮಾಡಲು ಎಸ್‌ಎಸ್‌ಆರ್, ಅಂದರೆ ಸಾಲಿಡ್ ಸ್ಟೇಟ್ ರಿಲೇ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್. ಕೆಲಸದ ತಾಪ 200 ಡಿಗ್ರಿ. ಪ್ಲಾಸ್ಟಿಕ್ ಮೋಲ್ಡಿಂಗ್ ಆಗಲಿ, ಪ್ಯಾಕಿಂಗ್ ಮಷೀನ್‌ನ ಸೀಲಿಂಗ್ ಜಾ ಆಗಲಿ, ಹೆಜ್ಜೆಗಳು ಇವೇ. ಗ್ಯಾಸ್ ಅಥವಾ ಡೀಸೆಲ್ ಬರ್ನರ್ ಇರುವ ಓವನ್ ಮಾತ್ರ ಬೇರೆ. ಅದರ ಬರ್ನರ್ ಸೀಕ್ವೆನ್ಸ್ ಗೊತ್ತಿಲ್ಲದವರು ಕೈ ಹಾಕಬೇಡಿ.

ಸೆನ್ಸರ್ ಮತ್ತು ವೈರಿಂಗ್

ಮೇನ್ ಆಫ್ ಮಾಡಿ, ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ. ಎಸ್‌ಎಸ್‌ಆರ್ ಆಫ್ ಆಗಿದೆ ಅನ್ನುವ ಧೈರ್ಯದಲ್ಲಿ ಹೀಟರ್ ಟರ್ಮಿನಲ್ ಮುಟ್ಟಬೇಡಿ. ಆಫ್ ಇದ್ದಾಗಲೂ ಅದರಲ್ಲಿ ಸ್ವಲ್ಪ ಕರೆಂಟ್ ಸೋರುತ್ತಿರುತ್ತದೆ.

ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿ, ತುದಿಯಲ್ಲಿ ಬೆಸುಗೆ. ಬೆಸುಗೆಯ ತುದಿ ಇನ್ನೊಂದು ಕೊನೆಗಿಂತ ಬಿಸಿಯಾದಷ್ಟೂ ಮಿಲಿವೋಲ್ಟ್ ಲೆಕ್ಕದಲ್ಲಿ ವೋಲ್ಟೇಜ್ ಬರುತ್ತದೆ. ಕೆ ಟೈಪ್‌ನಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅಷ್ಟು ಸಣ್ಣ ಸಿಗ್ನಲ್ ಆದ್ದರಿಂದಲೇ ಇಲ್ಲಿ ಅಸಡ್ಡೆ ಮಾಡಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಪ್ಲಸ್-ಮೈನಸ್ ಗೊಂದಲ ನಮ್ಮಲ್ಲಿ ತುಂಬಾ ಆಗುತ್ತದೆ. ಕೆಂಪು ಅಂದರೆ ಪ್ಲಸ್ ಅಂತ ಎಲೆಕ್ಟ್ರಿಷಿಯನ್ ಕೈಗೆ ರೂಢಿ. ಆದರೆ ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಥರ್ಮೋಕಪಲ್‌ನ ಕೆಂಪು ತಂತಿ ಮೈನಸ್, ಕೆ ಟೈಪ್‌ನ ಹಳದಿ ಪ್ಲಸ್. ಐಇಸಿ (ಅಂತರರಾಷ್ಟ್ರೀಯ ಎಲೆಕ್ಟ್ರಿಕಲ್ ಮಾನದಂಡ ಸಂಸ್ಥೆ) ಪದ್ಧತಿಯಲ್ಲಾದರೆ ಹಸಿರು ಪ್ಲಸ್, ಬಿಳಿ ಮೈನಸ್. ಎರಡೂ ಬಗೆಯ ಕೇಬಲ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಬಣ್ಣ ನಂಬಲು ಆಗದಿದ್ದರೆ ಒಂದು ಅಯಸ್ಕಾಂತ ತನ್ನಿ. ಕೆ ಟೈಪ್ ಥರ್ಮೋಕಪಲ್‌ನ ಮೈನಸ್ ತಂತಿ ಅಯಸ್ಕಾಂತಕ್ಕೆ ಮೆಲ್ಲಗೆ ಅಂಟುತ್ತದೆ, ಪ್ಲಸ್ ಅಂಟುವುದಿಲ್ಲ.

ಉಲ್ಟಾ ಜೋಡಿಸಿದರೆ ಓವನ್ ಬಿಸಿಯಾದಂತೆ ಡಿಸ್‌ಪ್ಲೇ ಇಳಿಯುತ್ತದೆ. ಕಂಟ್ರೋಲರ್ ಇನ್ನೂ ತಣ್ಣಗಿದೆ ಅಂದುಕೊಂಡು ಹೀಟರ್ ಓಡಿಸುತ್ತಲೇ ಇರುತ್ತದೆ. ಆದರೆ ಇದು ಬೇಗ ಕಣ್ಣಿಗೆ ಬೀಳುವ ತಪ್ಪು. ಇದಕ್ಕಿಂತ ಕೆಟ್ಟದ್ದು ಕೇಬಲ್‌ನ ಎರಡೂ ತುದಿ ಉಲ್ಟಾ ಆಗುವುದು. ಡಿಸ್‌ಪ್ಲೇ ಸರಿಯಾಗಿಯೇ ಏರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸೆನ್ಸರ್ ತಲೆ (ಕೇಬಲ್ ಸೇರುವ ಜಾಗ) 60 ಡಿಗ್ರಿ, ಪ್ಯಾನೆಲ್ 30 ಡಿಗ್ರಿ ಇದ್ದರೆ ಅವುಗಳ ನಡುವಿನ 30ರ ಎರಡರಷ್ಟು, ಅಂದರೆ ಸುಮಾರು 60 ಡಿಗ್ರಿ ಕಡಿಮೆ ತೋರಿಸುತ್ತದೆ.

ಕೇಬಲ್ ಕೂಡ ಕೆ ಟೈಪ್‌ನದೇ ಕಾಂಪೆನ್ಸೇಟಿಂಗ್ ಕೇಬಲ್ ಆಗಿರಬೇಕು. ಸುಮ್ನೆ ತಾಮ್ರದ ವೈರ್ ಎಳೆದರೆ ಮೇಲಿನ ಲೆಕ್ಕದಲ್ಲೇ 30 ಡಿಗ್ರಿ ಕಡಿಮೆ. ಬೇಸಿಗೆಗೆ ಒಂದು ತಪ್ಪು, ಮಳೆಗಾಲಕ್ಕೆ ಇನ್ನೊಂದು. ಇದನ್ನು ಕ್ಯಾಲಿಬ್ರೇಶನ್‌ನಲ್ಲಿ ಸರಿಮಾಡಲು ಆಗುವುದೇ ಇಲ್ಲ. ಈ ಕೇಬಲನ್ನು ಹೀಟರ್ ಮತ್ತು ಮೋಟರ್ ಕೇಬಲ್‌ಗಳ ಜೊತೆ ಒಂದೇ ಪೈಪಿನಲ್ಲಿ ತುರುಕಬೇಡಿ. ಶೀಲ್ಡ್ ಇದ್ದರೆ ಒಂದೇ ಕಡೆ ಅರ್ಥ್ ಮಾಡಿ.

ನಿಮ್ಮದು ಥರ್ಮೋಕಪಲ್ ಅಲ್ಲ, ಪಿಟಿ 100 (ತಾಪ ಏರಿದಂತೆ ಓಮ್ ಏರುವ ಪ್ಲಾಟಿನಂ ಸೆನ್ಸರ್) ಆದರೆ ಕೆಲಸ ಸುಲಭ. ಮಲ್ಟಿಮೀಟರ್ ಇಡಿ. 0 ಡಿಗ್ರಿಯಲ್ಲಿ 100 ಓಮ್, 25 ಡಿಗ್ರಿಯಲ್ಲಿ ಹೆಚ್ಚುಕಡಿಮೆ 110, 100 ಡಿಗ್ರಿಯಲ್ಲಿ 138.5. ಮೂರು ವೈರ್‌ನದಾದರೆ ಒಂದೇ ಬಣ್ಣದ ಎರಡು ವೈರ್ ನಡುವೆ ಬರೀ ವೈರ್‌ನ ಓಮ್ ಮಾತ್ರ ಸಿಗಬೇಕು.

ಸೆನ್ಸರ್ ಎಲ್ಲಿ ಕೂರಬೇಕು? ಹೀಟರ್ ಪಕ್ಕದಲ್ಲೂ ಬೇಡ, ಗೋಡೆಗೆ ತಾಗಿಯೂ ಬೇಡ. ಬ್ಲೋವರ್ ಗಾಳಿ ಹಾದುಹೋಗುವ ಕಡೆ, ಕನಿಷ್ಠ 10 ಸೆಂಟಿಮೀಟರ್ ಒಳಗೆ ಚಾಚಿರಲಿ. ಜಾಗ ಒಮ್ಮೆ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅಲುಗಿಸಿದರೆ ಮುಂದೆ ಮಾಡುವ ಕ್ಯಾಲಿಬ್ರೇಶನ್ನೂ ಟ್ಯೂನಿಂಗೂ ದಂಡ.

ಹೀಟರ್ ಕಡೆಯ ಲೆಕ್ಕ ಸರಳ. 3000 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಫೇಸ್‌ಗೆ 13 ಆಂಪ್. 25 ಆಂಪ್ ಎಸ್‌ಎಸ್‌ಆರ್ ಸಾಕು ಅನ್ನಿಸುತ್ತದೆ, ನಾನು 40 ಹಾಕುತ್ತೇನೆ. ಪ್ರತಿ ಆಂಪ್‌ಗೆ ಒಂದು ವ್ಯಾಟ್ ಅಥವಾ ಸ್ವಲ್ಪ ಜಾಸ್ತಿ ಬಿಸಿ ಎಸ್‌ಎಸ್‌ಆರ್‌ನಲ್ಲೇ ಹುಟ್ಟುತ್ತದೆ. ಹಾಗಾಗಿ ಹೀಟ್ ಸಿಂಕ್ ಮತ್ತು ಪೇಸ್ಟ್ ಕಡ್ಡಾಯ. ಮೂರು ಎಸ್‌ಎಸ್‌ಆರ್‌ಗಳನ್ನು ಒಂದೇ ಕಂಟ್ರೋಲರ್‌ಗೆ ಜೋಡಿಸುವಾಗ, ಅದರ ಔಟ್‌ಪುಟ್ ಎಷ್ಟು ಮಿಲಿಆಂಪ್ ಕೊಡಬಲ್ಲದು ಅಂತ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಹೀಟರ್ ಎಂಸಿಬಿ ಇಳಿಸಿಯೇ ಇಟ್ಟು, ಕಂಟ್ರೋಲರ್‌ಗೆ ಮಾತ್ರ ಕರೆಂಟ್ ಕೊಡಿ. ಸೆನ್ಸರ್ ವೈರ್ ಬಿಚ್ಚಿ, ಕಂಟ್ರೋಲರ್‌ನ ಥರ್ಮೋಕಪಲ್ ಟರ್ಮಿನಲ್ ಎರಡನ್ನೂ ಒಂದು ಚಿಕ್ಕ ತಾಮ್ರದ ತುಂಡಿನಿಂದ ಶಾರ್ಟ್ ಮಾಡಿ. ಟರ್ಮಿನಲ್ ಹತ್ತಿರದ ತಾಪ, ಅಂದರೆ 28-32 ಹೀಗೆ ಏನೋ ಒಂದು ತೋರಿಸಬೇಕು. ತೋರಿಸಿದರೆ ಇನ್‌ಪುಟ್ ಮತ್ತು ಅದರೊಳಗಿನ ಕೋಲ್ಡ್ ಜಂಕ್ಷನ್ ತಿದ್ದುಪಡಿ (ಟರ್ಮಿನಲ್ ಹತ್ತಿರದ ತಾಪವನ್ನು ಕೂಡಿಸಿಕೊಳ್ಳುವ ಲೆಕ್ಕ) ಎರಡೂ ಜೀವಂತವಾಗಿವೆ. ಇನ್‌ಪುಟ್ ಟೈಪ್ ಪಿಟಿ 100ಕ್ಕೆ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಮೊದಲು ಕೆ ಟೈಪ್‌ಗೆ ಬದಲಾಯಿಸಿಕೊಳ್ಳಿ.

ಪ್ಯಾರಾಮೀಟರ್

ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಸಾಮಾನ್ಯವಾಗಿ ಸೆಟ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಒಳಗಿನ ಮೆನು ತೆರೆಯುತ್ತದೆ. ಹೆಸರು ಬೇರೆಯಾದರೂ ಹುಡುಕಬೇಕಾದ ಸಂಗತಿಗಳು ಒಂದೇ.

ಮೊದಲನೆಯದು ಇನ್‌ಪುಟ್ ಟೈಪ್. ಇದನ್ನು ಬದಲಾಯಿಸಿದರೆ ಎಷ್ಟೋ ಕಂಟ್ರೋಲರ್‌ಗಳಲ್ಲಿ ಉಳಿದ ಸೆಟ್ಟಿಂಗ್ ಅಳಿಸಿಹೋಗುತ್ತವೆ, ಹಾಗಾಗಿ ಇದೇ ಮೊದಲು. ಕೆ ಟೈಪ್ ಸೆನ್ಸರ್ ಹಾಕಿ ಮೆನುವಿನಲ್ಲಿ ಜೆ (ಇನ್ನೊಂದು ಬಗೆಯ ಥರ್ಮೋಕಪಲ್) ಅಂತ ಬಿಟ್ಟರೆ ಏನಾಗುತ್ತದೆ ನೋಡಿ. ಕೋಣೆ 30 ಡಿಗ್ರಿ ಇದ್ದಾಗ ಡಿಸ್‌ಪ್ಲೇಯೂ ಸರಿಯಾಗಿ 30 ತೋರಿಸುತ್ತದೆ. ಎಲ್ಲಾ ಚೆನ್ನಾಗಿದೆ ಅಂತ ನೀವು ಹೊರಡುತ್ತೀರಿ. ಓವನ್ 200 ಮುಟ್ಟಿದಾಗ ಡಿಸ್‌ಪ್ಲೇಯಲ್ಲಿ ಸುಮಾರು 158 ಇರುತ್ತದೆ. ಡಿಸ್‌ಪ್ಲೇ 200 ಆಗುವಷ್ಟರಲ್ಲಿ ಓವನ್ 250 ದಾಟಿರುತ್ತದೆ, ಬಿಳಿ ಪೌಡರ್ ಹಳದಿ ತಿರುಗಿರುತ್ತದೆ.

ಆಮೇಲೆ ಸೆಟ್ ಪಾಯಿಂಟ್‌ನ, ಅಂದರೆ ಗುರಿ ತಾಪದ, ಮೇಲಿನ ಮಿತಿ. ಇದನ್ನು 220ಕ್ಕೆ ಕಟ್ಟಿಹಾಕಿ. ಹೊಸ ಹುಡುಗ ಅರ್ಜೆಂಟ್ ಆರ್ಡರ್ ಅಂತ 300 ಇಡುವುದು ತಪ್ಪುತ್ತದೆ.

ಕಂಟ್ರೋಲ್ ಆಕ್ಷನ್ ಹೀಟಿಂಗ್ ಇರಬೇಕು. ಕೆಲವು ಮ್ಯಾನುಯಲ್‌ಗಳು ಇದನ್ನು ರಿವರ್ಸ್ ಅಂತ ಕರೆಯುತ್ತವೆ. ಹೆಸರು ಕೇಳಿ ಹೆದರಬೇಡಿ. ತಾಪ ಏರಿದರೆ ಔಟ್‌ಪುಟ್ ಇಳಿಯಬೇಕು, ಅದಕ್ಕೇ ರಿವರ್ಸ್. ಡೈರೆಕ್ಟ್ ಅಂದರೆ ಕೂಲಿಂಗ್‌ಗೆ.

ಔಟ್‌ಪುಟ್ ಮತ್ತು ಸೈಕಲ್ ಟೈಮ್ ಬಗ್ಗೆ ಸ್ವಲ್ಪ ನಿಲ್ಲಬೇಕು. ಪಿಐಡಿ 40 ಪರ್ಸೆಂಟ್ ಹೀಟ್ ಬೇಕು ಅಂದರೆ, ಸೈಕಲ್ ಟೈಮ್‌ನಲ್ಲಿ 40 ಪರ್ಸೆಂಟ್ ಹೊತ್ತು ಹೀಟರ್ ಆನ್, ಉಳಿದ ಹೊತ್ತು ಆಫ್. ಎಸ್‌ಎಸ್‌ಆರ್‌ಗೆ 2 ಸೆಕೆಂಡ್ ಇಡಿ. ರಿಲೇ ಮತ್ತು ಕಾಂಟ್ಯಾಕ್ಟರ್‌ಗೆ (ಒಳಗಿನ ಲೋಹದ ತುಂಡು ಬಡಿದು ಆನ್-ಆಫ್ ಆಗುವ ಸ್ವಿಚ್‌ಗಳು) 20 ಸೆಕೆಂಡ್‌ಗಿಂತ ಕಡಿಮೆ ಬೇಡ. ಯಾಕೆ ಅಂದರೆ, ಪೂರ್ತಿ ಲೋಡ್‌ನಲ್ಲಿ ಒಂದು ಲಕ್ಷ ಸಲ ಕೆಲಸ ಮಾಡುವ ರಿಲೇ ಇದೆ ಅಂದುಕೊಳ್ಳಿ. 2 ಸೆಕೆಂಡ್ ಸೈಕಲ್‌ನಲ್ಲಿ ಗಂಟೆಗೆ 1,800 ಸಲ ಕಟಕಟ ಅನ್ನುತ್ತದೆ. 56 ಗಂಟೆಗೆ ಅದರ ಆಯಸ್ಸು ಮುಗಿಯಿತು. ಹೊಸ ಕಂಟ್ರೋಲರ್ ವಾರದಲ್ಲೇ ಕೆಟ್ಟಿತು ಅಂತ ಅಂಗಡಿಯವರ ಜೊತೆ ಜಗಳ ಮಾಡಿದವರನ್ನು ನೋಡಿದ್ದೇನೆ. ಎಷ್ಟೋ ಸಲ ಕಾರಣ ಇದೇ.

ಅಲಾರಂ 1 ಅನ್ನು ನೇರ ತಾಪದ ಮೇಲೆ, 215ಕ್ಕೆ ಇಡಿ. ಡೀವಿಯೇಶನ್ ಅಲಾರಂ ಆದರೆ ಸೆಟ್ ಪಾಯಿಂಟ್ ಜೊತೆಗೇ ಓಡುತ್ತದೆ, ಇಲ್ಲಿ ಅದು ಬೇಡ. ಲೂಪ್ ಬ್ರೇಕ್ ಅಲಾರಂ ಇದ್ದರೆ ಖಂಡಿತ ಆನ್ ಮಾಡಿ. ಸೆನ್ಸರ್ ತುಂಡಾದರೆ ಕಂಟ್ರೋಲರ್‌ಗೆ ಗೊತ್ತಾಗಿ ಹೀಟರ್ ನಿಲ್ಲಿಸುತ್ತದೆ. ಆದರೆ ಕೇಬಲ್‌ನ ಇನ್ಸುಲೇಶನ್ ಕರಗಿ ಎರಡು ತಂತಿ ನಡುವೆಯೇ ಅಂಟಿಕೊಂಡರೆ, ಆ ಜಾಗದ ತಾಪವನ್ನೇ ಓವನ್ ತಾಪ ಅಂತ ಓದುತ್ತದೆ. ಓವನ್ ಉರಿಯುತ್ತಿದ್ದರೂ ಡಿಸ್‌ಪ್ಲೇ 45ರಲ್ಲೇ ನಿಂತಿರುತ್ತದೆ. ಹೀಟರ್ ಪೂರ್ತಿ ಆನ್ ಇದ್ದೂ ತಾಪ ಏರುತ್ತಿಲ್ಲ ಅನ್ನುವುದನ್ನು ಹಿಡಿಯುವುದು ಲೂಪ್ ಬ್ರೇಕ್ ಅಲಾರಂ ಒಂದೇ.

ಫಿಲ್ಟರ್ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲೇ ಇರಲಿ. ಡಿಸ್‌ಪ್ಲೇ ಅಲುಗಾಡದೆ ಚಂದ ಕಾಣಲಿ ಅಂತ ಏರಿಸಿದರೆ ಕಂಟ್ರೋಲರ್‌ಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಬಯಾಸ್, ಅಂದರೆ ತಿದ್ದುಪಡಿಯ ಅಂಕಿ, ಸೊನ್ನೆ ಇದೆಯಾ ನೋಡಿ. ಹಳೆ ಕಂಟ್ರೋಲರ್ ಆದರೆ ಇದನ್ನು ಮರೆಯಲೇಬೇಡಿ. ಹಿಂದೆ ನನ್ನಂಥವನು ಯಾರೋ +3 ಹಾಕಿರಬಹುದು.

ಕ್ಯಾಲಿಬ್ರೇಶನ್

ಕೆ ಟೈಪ್‌ನ ಕ್ಲಾಸ್ 2 ಸೆನ್ಸರ್‌ಗೆ ಐಇಸಿ ಮಾನದಂಡವೇ ±2.5 ಡಿಗ್ರಿ ವ್ಯತ್ಯಾಸ ಒಪ್ಪಿಕೊಳ್ಳುತ್ತದೆ, ಕ್ಲಾಸ್ 1ಕ್ಕೆ ±1.5. ನಮ್ಮ 200 ಡಿಗ್ರಿಗೆ ಇದೇ ಮಿತಿ. ಇದರ ಮೇಲೆ ಕಂಟ್ರೋಲರ್‌ನದೂ ಒಂದು ಡಿಗ್ರಿ ಸೇರಬಹುದು. ಹಾಗಾಗಿ ಸೆನ್ಸರ್, ಕೇಬಲ್, ಕಂಟ್ರೋಲರ್ ಮೂರನ್ನೂ ಜೋಡಿಸಿಯೇ ಕ್ಯಾಲಿಬ್ರೇಟ್ ಮಾಡಿ. ಮಿಲಿವೋಲ್ಟ್ ಸಿಮ್ಯುಲೇಟರ್ ಹಿಡಿದು ಕಂಟ್ರೋಲರ್ ಒಂದನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಅದು ತಪ್ಪಲ್ಲ, ಆದರೆ ಅರ್ಧ ಕೆಲಸ.

ಹೋಲಿಸಲು ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ನಿಂದ ಸರ್ಟಿಫಿಕೇಟ್ ಇರುವ ಥರ್ಮಾಮೀಟರ್ ಬೇಕು. ಸರ್ಟಿಫಿಕೇಟ್‌ನಲ್ಲಿ ಅದರದೇ ತಪ್ಪು ಎಷ್ಟು ಅಂತ ಬರೆದಿರುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗನ್ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಅಗ್ಗದವುಗಳಲ್ಲಿ ಎಮಿಸಿವಿಟಿ (ಮೇಲ್ಮೈ ಎಷ್ಟು ಶಾಖ ಸೂಸುತ್ತದೆ ಅನ್ನುವ ಅಂಕಿ) 0.95ಕ್ಕೆ ಕಟ್ಟಿರುತ್ತದೆ, ಹೊಳೆಯುವ ಸ್ಟೀಲ್ ಮೇಲೆ ಹಿಡಿದರೆ ನಿಜಕ್ಕಿಂತ ತುಂಬಾ ಕಡಿಮೆ ಓದುತ್ತದೆ.

ಮೊದಲ ಬಿಂದು ಐಸ್. ಶುದ್ಧ ನೀರಿನ ಐಸನ್ನು ಸಣ್ಣಗೆ ಪುಡಿಮಾಡಿ ಫ್ಲಾಸ್ಕ್‌ಗೆ ತುಂಬಿ. ಸಂದುಗಳು ತುಂಬುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ನೀರಿನಲ್ಲಿ ಐಸ್ ತೇಲುತ್ತಿದ್ದರೆ ನೀರು ಜಾಸ್ತಿಯಾಯಿತು ಅಂತ. ಅಡಿಯ ನೀರು 4 ಡಿಗ್ರಿಯವರೆಗೂ ಇರಬಹುದು. ಸೆನ್ಸರ್ ತುದಿ ಮಧ್ಯಕ್ಕೆ ಬರಲಿ, ತಳ ಮುಟ್ಟದಿರಲಿ. ಹತ್ತು ನಿಮಿಷ ಬಿಟ್ಟು ಓದಿ. ಇದಕ್ಕೆ ಎತ್ತರದ ಕಾಟ ಇಲ್ಲ. ಮಡಿಕೇರಿಯಲ್ಲೂ ಮಂಗಳೂರಲ್ಲೂ ಸೊನ್ನೆ ಸೊನ್ನೆಯೇ.

ಎರಡನೆಯ ಬಿಂದು ಕೆಲಸದ ತಾಪ. ನಿಮಗೆ ಬೇಕಿರುವುದು 200ರಲ್ಲಿ ಸರಿಯಾಗಿರುವುದು, ಸೊನ್ನೆಯಲ್ಲಿ ಅಲ್ಲ. ಹೋಲಿಕೆ ಥರ್ಮಾಮೀಟರ್‌ನ ತುದಿ ಮತ್ತು ಓವನ್ ಸೆನ್ಸರ್‌ನ ತುದಿ ಎರಡನ್ನೂ ತೆಳುವಾದ ಸ್ಟೀಲ್ ತಂತಿಯಿಂದ ಒಟ್ಟಿಗೆ ಕಟ್ಟಿ. ಎರಡು ತೂತು ಕೊರೆದ ಅಲ್ಯುಮಿನಿಯಂ ತುಂಡೊಂದನ್ನು ಲೇತ್‌ನವರಿಂದ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಬ್ಲೋವರ್ ಆನ್, ಬಾಗಿಲು ಮುಚ್ಚಿ 200ಕ್ಕೆ ಇಟ್ಟು ಅರ್ಧ ಗಂಟೆ ಕಾಯಿರಿ. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ಎರಡನ್ನೂ ಬರೆದುಕೊಳ್ಳಿ, ಹತ್ತು ಸಲ. ಅದರ ಸರಾಸರಿ ತೆಗೆಯಿರಿ. ಒಂದೇ ಸಲ ನೋಡಿ ಹಾಕಿದ ತಿದ್ದುಪಡಿ ಅದೃಷ್ಟದ ಮೇಲೆ ಬಿಟ್ಟಂತೆ.

ನಿಜವಾದ ತಾಪದಿಂದ ಡಿಸ್‌ಪ್ಲೇ ಕಳೆದರೆ ಬಯಾಸ್. ಥರ್ಮಾಮೀಟರ್ 200, ಡಿಸ್‌ಪ್ಲೇ 204 ಆದರೆ ಬಯಾಸ್ -4. ಈ ಚಿಹ್ನೆಯನ್ನು ತಪ್ಪಿ +4 ಹಾಕಿದರೆ ತಪ್ಪು ಎರಡರಷ್ಟಾಗುತ್ತದೆ. ಹಾಕಿದ ಮೇಲೆ ಡಿಸ್‌ಪ್ಲೇ 200ಕ್ಕೆ ಇಳಿಯಿತಾ ಅಂತ ತಕ್ಷಣ ನೋಡಿ.

ಒಂದೇ ತಾಪದಲ್ಲಿ ಕೆಲಸ ಮಾಡುವ ಓವನ್‌ಗೆ ಇಷ್ಟು ಸಾಕು. ಬೇರೆ ಬೇರೆ ತಾಪದಲ್ಲಿ ಓಡಿಸುವುದಾದರೆ ಎರಡು ಬಿಂದುಗಳ ಲೆಕ್ಕ ಬೇಕು. ಐಸ್‌ನಲ್ಲಿ 1.5, ನಿಜವಾದ 180ರಲ್ಲಿ 184 ತೋರಿಸಿತು ಅನ್ನಿ. ನಿಜದ ಅಂತರ 180, ತೋರಿಸಿದ ಅಂತರ 182.5. ಭಾಗಿಸಿದರೆ 0.986, ಇದು ಗೇನ್. 1.5 ಅನ್ನು ಇದರಿಂದ ಗುಣಿಸಿ ಕಳೆಯಬೇಕು, ಅಂದರೆ ಆಫ್‌ಸೆಟ್ ಸುಮಾರು -1.5. ಗೇನ್ ಹಾಕುವ ಜಾಗ ಇಲ್ಲದ ಕಂಟ್ರೋಲರ್ ಆದರೆ ಹೆಚ್ಚು ಬಳಸುವ ತಾಪಕ್ಕೆ ಬಯಾಸ್ ಹಾಕಿ, ಉಳಿದ ತಾಪಗಳಿಗೆ ಒಂದು ಪಟ್ಟಿ ಬರೆದು ಅಂಟಿಸಿ.

ತಿದ್ದುಪಡಿ 5 ಡಿಗ್ರಿ ದಾಟಿದರೆ ನಾನು ಬಯಾಸ್ ಹಾಕುವುದಿಲ್ಲ. ಕೇಬಲ್, ಟರ್ಮಿನಲ್, ಇನ್‌ಪುಟ್ ಟೈಪ್, ಇವುಗಳಲ್ಲಿ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ಹುಡುಕುತ್ತೇನೆ.

ಇನ್ನೊಂದು ಮಾತು. ಪೌಡರ್ ಡಬ್ಬದ ಮೇಲೆ 200 ಡಿಗ್ರಿ, 10 ನಿಮಿಷ ಅಂತ ಇದ್ದರೆ ಅದು ಲೋಹದ ತಾಪ, ಗಾಳಿಯದ್ದಲ್ಲ. ದಪ್ಪ ಕಬ್ಬಿಣದ ಬ್ರಾಕೆಟ್ ಗಾಳಿಗಿಂತ ಎಷ್ಟೋ ನಿಮಿಷ ಹಿಂದೆ ಬೀಳುತ್ತದೆ. ಈ ವ್ಯತ್ಯಾಸವನ್ನು ಬಯಾಸ್‌ನಲ್ಲಿ ತುಂಬಿಸಲು ಹೋಗಬೇಡಿ. ಅದಕ್ಕೆ ಔಷಧ ಟೈಮರ್.

ಆಟೋ ಟ್ಯೂನ್

ಈಗ ಪಿ, ಐ, ಡಿ. ಪಿ ಅಂದರೆ ಗುರಿಗೆ ಎಷ್ಟು ದೂರ ಇದ್ದಾಗ ಉರಿ ತಗ್ಗಿಸಲು ಶುರುಮಾಡಬೇಕು ಅನ್ನುವುದು. ಐ ಅಂದರೆ ಗುರಿಗಿಂತ ಒಂದೆರಡು ಡಿಗ್ರಿ ಕೆಳಗೇ ನಿಂತುಬಿಟ್ಟರೆ ನಿಧಾನವಾಗಿ ತಳ್ಳಿ ಮುಟ್ಟಿಸುವುದು. ಡಿ ಅಂದರೆ ಹಾಲು ಎಷ್ಟು ವೇಗವಾಗಿ ಮೇಲೇಳುತ್ತಿದೆ ನೋಡಿ, ಉಕ್ಕುವ ಮೊದಲೇ ಉರಿ ಇಳಿಸುವ ಅಮ್ಮನ ಕಣ್ಣು.

ಈ ಮೂರು ಅಂಕಿ ಹೇಗೆ ಹುಡುಕಬೇಕು ಅಂತ ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲೇ ಬರೆದರು. ಬಟನ್ ಒತ್ತಿದರೆ ತಾನೇ ಹುಡುಕಿಕೊಳ್ಳುವ ರಿಲೇ ವಿಧಾನ ಸ್ವೀಡನ್ನಿನ ಆಸ್ಟ್ರೋಮ್ ಮತ್ತು ಹೆಗ್ಲುಂಡ್ ಅವರದು, 1984. ಹೀಟರನ್ನು ಪೂರ್ತಿ ಆನ್, ಪೂರ್ತಿ ಆಫ್ ಮಾಡಿ ತಾಪವನ್ನು ಬೇಕೆಂದೇ ತೂಗಾಡಿಸುವುದು, ಆ ತೂಗಾಟದ ಎತ್ತರ ಮತ್ತು ಹೊತ್ತು ಅಳೆದು ಲೆಕ್ಕ ಹಾಕುವುದು. ಇದು ಗೊತ್ತಿದ್ದರೆ ಆಟೋ ಟ್ಯೂನ್ ವೇಳೆ ತಾಪ ಗುರಿ ದಾಟಿದಾಗ ಗಾಬರಿಯಾಗಿ ಆಫ್ ಮಾಡುವುದಿಲ್ಲ.

ಹಾಗೆ ದಾಟುವುದರಿಂದ ಓವನ್‌ನಲ್ಲಿ ಒಳ್ಳೆಯ ಮಾಲು ಇಡಬೇಡಿ. ಆದರೆ ಖಾಲಿಯೂ ಬೇಡ. ರಿಜೆಕ್ಟ್ ಆದ ತುಂಡುಗಳನ್ನು ದಿನದ ಲೋಡ್‌ನಷ್ಟು ನೇತುಹಾಕಿ. ಬ್ಲೋವರ್ ಆನ್ ಇರಲಿ, ಬಾಗಿಲು ಮುಚ್ಚಿರಲಿ, ಮಧ್ಯದಲ್ಲಿ ತೆರೆಯಬೇಡಿ. ಅಲಾರಂ 215ಕ್ಕೆ ಇರುವುದರಿಂದ ಸೆಟ್ ಪಾಯಿಂಟ್ 185ಕ್ಕೆ ಇಳಿಸಿ ಟ್ಯೂನ್ ಮಾಡಿ. ದೀಪ ಮಿಟುಕುವುದು ನಿಲ್ಲುವ ತನಕ ಕಾಯಿರಿ. ಅರ್ಧ ಗಂಟೆ ಆಗಬಹುದು, ಒಂದೂವರೆ ಗಂಟೆಯೂ ಆಗಬಹುದು.

ಮುಗಿದ ಮೇಲೆ ಓವನ್ ತಣ್ಣಗಾಗಲು ಬಿಟ್ಟು, ಮತ್ತೆ 200ಕ್ಕೆ ಓಡಿಸಿ ನೋಡಿ. ಮೊದಲ ಏರಿಕೆಯಲ್ಲಿ 3-4 ಡಿಗ್ರಿ ದಾಟಿ ಹಿಂದೆ ಬಂದು ನಿಂತರೆ ಬಿಟ್ಟುಬಿಡಿ, ಅದು ಚೆನ್ನಾಗಿದೆ. 10 ಡಿಗ್ರಿ ದಾಟಿದರೆ ಪ್ರಪೋರ್ಷನಲ್ ಬ್ಯಾಂಡ್ (ಪಿ) ಅಗಲ ಮಾಡಿ, 9 ಇದ್ದರೆ 12. ಮೇಲೆ ಕೆಳಗೆ ನಿಧಾನವಾಗಿ ತೂಗುತ್ತಲೇ ಇದ್ದರೆ ಐ ಟೈಮ್ ಜಾಸ್ತಿ ಮಾಡಿ. 197ರಲ್ಲಿ ಕೂತು ಅರ್ಧ ಗಂಟೆ ಏಳದಿದ್ದರೆ ಐ ಕಡಿಮೆ ಮಾಡಿ. ತಾಪ ಶಾಂತವಾಗಿದ್ದು ಔಟ್‌ಪುಟ್ ಮಾತ್ರ ಎಗರಾಡುತ್ತಿದ್ದರೆ ಡಿ ಕಡಿಮೆ ಮಾಡಿ. ಒಂದು ಸಲಕ್ಕೆ ಒಂದೇ ಅಂಕಿ, ಅದೂ ಮೂರನೇ ಒಂದು ಭಾಗದಷ್ಟು. ಮಧ್ಯೆ ಅರ್ಧ ಗಂಟೆ ಕಾಯುವ ತಾಳ್ಮೆ ಇಲ್ಲದಿದ್ದರೆ ಮುಟ್ಟದೇ ಇರುವುದೇ ವಾಸಿ.

ಬಿಟ್ಟು ಹೋಗುವ ಮುಂಚೆ

ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಿನ ಸಲ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಕಂಟ್ರೋಲರ್ ಎಷ್ಟು ಆಫ್ ಅಂದರೂ ಹೀಟರ್ ನಿಲ್ಲುವುದಿಲ್ಲ. ಅದಕ್ಕೆ ತನ್ನದೇ ಸೆನ್ಸರ್ ಇರುವ ಇನ್ನೊಂದು ಥರ್ಮೋಸ್ಟಾಟ್ ಬೇಕು. ಅದು 230ಕ್ಕೆ ಮೇನ್ ಕಾಂಟ್ಯಾಕ್ಟರ್ ಬೀಳಿಸಬೇಕು, ಕೈಯಿಂದ ರಿಸೆಟ್ ಮಾಡುವ ತನಕ ಮತ್ತೆ ಎತ್ತಬಾರದು. ಬ್ಲೋವರ್ ನಿಂತರೂ ಅದೇ ಕಾಂಟ್ಯಾಕ್ಟರ್ ಬೀಳಲಿ. ಹಾಕಿದ್ದೇವೆ ಅಂತ ಸುಮ್ಮನಾಗಬೇಡಿ. ಅದರ ಸೆಟ್ಟಿಂಗ್ ತಾತ್ಕಾಲಿಕವಾಗಿ 150ಕ್ಕೆ ಇಳಿಸಿ ಓವನ್ ಓಡಿಸಿ, ಕಾಂಟ್ಯಾಕ್ಟರ್ ಬೀಳುವ ಸದ್ದು ಕಿವಿಯಾರೆ ಕೇಳಿ, ಆಮೇಲೆ ಮತ್ತೆ 230ಕ್ಕೆ ಏರಿಸಿ.

ಕೀ ಲಾಕ್ ಹಾಕಿ, ಆಪರೇಟರ್‌ಗೆ ಸೆಟ್ ಪಾಯಿಂಟ್ ಮಾತ್ರ ತೆರೆದಿಡಿ. ಎಲ್ಲ ಪ್ಯಾರಾಮೀಟರ್, ಬಯಾಸ್, ಹೋಲಿಸಿದ ಹತ್ತು ಅಂಕಿಗಳು, ತಾರೀಖು, ಇವನ್ನು ಒಂದು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ವರ್ಷಕ್ಕೊಮ್ಮೆ ಮತ್ತೆ ಹೋಲಿಸಿ. ಸೆನ್ಸರ್ ಬದಲಾಯಿಸಿದರೆ ಅವತ್ತೇ ಬಯಾಸ್ ಸೊನ್ನೆ ಮಾಡಿ ಮತ್ತೆ ಹೋಲಿಸಿ, ಯಾಕೆಂದರೆ ಹಳೆ ಸೆನ್ಸರ್‌ನ -4 ಹೊಸ ಸೆನ್ಸರ್‌ಗೆ ಸೇರಿದ್ದಲ್ಲ. ನೀರು ಕುದಿಸಿಯೇ ನೋಡುತ್ತೇನೆ ಅನ್ನುವವರು ಕಾಗದದ ಮೂಲೆಯಲ್ಲಿ ನಿಮ್ಮೂರಿನ ಎತ್ತರವನ್ನೂ ಬರೆದಿಡಿ.